ಎದೆ ಉರಿ ಇದ್ದವರ ತಾಟು: ರೊಟ್ಟಿಯೋ ಅನ್ನವೋ, ಗಿರಮಿಟ್ಟೋ ಮಿರ್ಚಿಯೋ?

ನನಗೆ ಎದೆ ಉರಿ ಅಂಟಿಕೊಂಡು ಒಂಬತ್ತು ವರ್ಷ ಆಯಿತು. ಮೊದಮೊದಲು ರಾತ್ರಿ ಎರಡು ಗಂಟೆಗೆ ಗಂಟಲತನಕ ಹುಳಿ ನೀರು ಬಂದು ಎಚ್ಚರ ಆಗುತ್ತಿತ್ತು. ಎದ್ದು ಕೂತು, ನೀರು ಕುಡಿದು, ಗೋಡೆಗೆ ಒರಗಿ ಬೆಳಗಾಗುವುದನ್ನು ಕಾಯುತ್ತಿದ್ದೆ. ಮರುದಿನ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಿಂತಲ್ಲೇ ತೂಕಡಿಕೆ.

ಸಿಕ್ಕವರೆಲ್ಲ ಒಂದೊಂದು ಬಿಡು ಎಂದರು. ಖಾರ ಬಿಡು. ಚಹಾ ಬಿಡು. ಉಳ್ಳಾಗಡ್ಡಿ ಬಿಡು, ಬದನೆಕಾಯಿ ಬಿಡು, ಶೇಂಗಾ ಬಿಡು. ಎಲ್ಲ ಬಿಟ್ಟೆ. ಎರಡು ತಿಂಗಳು ಬರೀ ಮೊಸರನ್ನ ತಿಂದೆ. ತಾಟಿನ ಮುಂದೆ ಕೂತರೆ ಬೇಸರ ಆಗುತ್ತಿತ್ತು, ಹಾಗಾಗಿ ಮದುವೆ ಮನೆಗೆ ಹೋಗುವುದನ್ನೂ ನಿಲ್ಲಿಸಿದೆ. ಒಂದಿನ ಅವ್ವ ಕೇಳಿದಳು, "ಎಲ್ಲಾ ಬಿಟ್ಟೆಲ್ಲಪಾ, ನಿದ್ದಿ ಬಂತೇನು?"

ನಿದ್ದೆ ಬಂದಿರಲಿಲ್ಲ. ಮೊಸರನ್ನವನ್ನೂ ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ತಿಂದು ಹತ್ತೂವರೆಗೆ ಮಲಗುತ್ತಿದ್ದೆ ನೋಡಿ, ಅದಕ್ಕೆ.

ಅವ್ವನ ಆ ಪ್ರಶ್ನೆಯನ್ನೇ ಇಲ್ಲಿ ಅಳತೆಗೋಲು ಮಾಡಿಕೊಂಡಿದ್ದೇನೆ. ಎರಡು ಆಯ್ಕೆ ಎದುರಿಗೆ ಬಂದಾಗ ನಾನು ನೋಡುವುದು ಎರಡೇ: ಯಾವುದರಿಂದ ರಾತ್ರಿ ನಿದ್ದೆ ವಾಪಸ್ ಬರುತ್ತದೆ, ಅದಕ್ಕೆ ನಾನು ಎಷ್ಟು ಬಿಟ್ಟುಕೊಡಬೇಕು. ನಮ್ಮ ಕಡೆ ಊಟ ಅಂದರೆ ಹೊಟ್ಟೆ ತುಂಬಿಸುವುದಷ್ಟೇ ಅಲ್ವಲ್ಲ, ನಾಲ್ಕು ಜನರ ಜೊತೆ ಕೂಡುವುದೂ ಹೌದು. ಅದನ್ನು ಸುಮ್ನೆ ಕಳೆದುಕೊಳ್ಳಬಾರದು.

ಗ್ಯಾಸೋ, ಹುಳಿಯೋ, ಹೃದಯವೋ

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎದೆ ಬಿಗಿಹಿಡಿದಂತಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಉಸಿರು ಕಟ್ಟಿದರೆ, ನಡೆದಾಗ ನೋವು ಜಾಸ್ತಿಯಾಗಿ ಕೂತಾಗ ಕಡಿಮೆಯಾದರೆ, ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. ಒಂದು ಇಸಿಜಿ ಸರಿ ಬಂದ ಮಾತ್ರಕ್ಕೆ ಹೃದಯದ್ದಲ್ಲ ಎಂದಾಗುವುದಿಲ್ಲ, ಡಾಕ್ಟರು ಪರೀಕ್ಷಿಸಿ ಹೃದಯದ್ದಲ್ಲ ಎಂದ ಮೇಲೆ ಹುಳಿಯ ವಿಚಾರ. ಸಕ್ಕರೆ ಕಾಯಿಲೆ ಇದ್ದವರು, ವಯಸ್ಸಾದವರು ಇನ್ನೂ ಬೇಗ ಹೋಗಬೇಕು, ಅವರಲ್ಲಿ ಹೃದಯದ ನೋವು ಬರೀ ಹೊಟ್ಟೆ ತೊಳಸಿದ ಹಾಗೆ ಕಾಣಿಸಬಹುದು.

ಹುಳಿಯದಾದರೆ ಅದರ ರೀತಿಯೇ ಬೇರೆ. ಉಂಡ ಮೇಲೆ, ಬಗ್ಗಿದಾಗ, ಮಲಗಿದಾಗ ಹೊಟ್ಟೆಯ ಮೇಲ್ಭಾಗದಿಂದ ಗಂಟಲ ಕಡೆ ಉರಿ ಏರುತ್ತದೆ. ಜಠರ ಮತ್ತು ಅನ್ನನಾಳ ಕೂಡುವ ಕಡೆ ಸ್ನಾಯುವಿನ ಒಂದು ಉಂಗುರ ಇದೆ. ನುಂಗುವಾಗ ಅದು ತೆರೆಯುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಾದರೆ ಆಮ್ಲ ಮೇಲೆ ಬರುತ್ತದೆ. ಜಠರದ ಒಳಗೋಡೆಗೆ ಆಮ್ಲ ತಡೆಯುವ ದಪ್ಪ ಲೋಳೆ ಇದೆ, ಅನ್ನನಾಳಕ್ಕೆ ಅಷ್ಟು ಕಾವಲು ಇಲ್ಲ.

ಈ ಉಂಗುರವನ್ನು ಸಡಿಲ ಮಾಡುವಂಥವು ಜಿಡ್ಡು, ತಂಬಾಕು, ಮದ್ಯ. ಅದರ ಮೇಲೆ ಒತ್ತಡ ಹಾಕುವುದು ತುಂಬಿದ ಹೊಟ್ಟೆ, ಹೊಟ್ಟೆಯ ಬೊಜ್ಜು, ಬಿಗಿಯಾಗಿ ಕಟ್ಟಿದ ಲಾಡಿ ಅಥವಾ ಬೆಲ್ಟು. ಇನ್ನು ಚಪ್ಪಟೆ ಮಲಗಿದರೆ ಆಮ್ಲ ಇಳಿಯಲು ಇಳಿಜಾರೇ ಇರುವುದಿಲ್ಲ.

ಯಾವಾಗ ಇದನ್ನು ಕಾಯಿಲೆ ಅನ್ನಬೇಕು? 2006ರಲ್ಲಿ ಹಲವು ದೇಶದ ವೈದ್ಯರು ಸೇರಿ ಒಪ್ಪಿಕೊಂಡ ಮಾಂಟ್ರಿಯಲ್ ವ್ಯಾಖ್ಯಾನ ನನಗೆ ಬಹಳ ಹಿಡಿಸಿತು. ಹುಳಿ ಮೇಲೆ ಬರುವುದರಿಂದ ಆ ಮನುಷ್ಯನಿಗೆ ತ್ರಾಸ ಆಗುತ್ತಿದ್ದರೆ ಅದು ಕಾಯಿಲೆ ಎನ್ನುತ್ತದೆ ಅದು. ಸಣ್ಣ ಉರಿಯೇ ಆದರೂ ವಾರಕ್ಕೆ ಎರಡು ದಿನ ಅಥವಾ ಜಾಸ್ತಿ ಬಂದರೆ ಜನರಿಗೆ ತ್ರಾಸ ಅನಿಸುತ್ತದೆ ಎಂದೂ ಹೇಳುತ್ತದೆ. ನಿದ್ದೆ ಕೆಟ್ಟಿತು, ಊಟದ ಖುಷಿ ಹೋಯಿತು ಎಂದು ಡಾಕ್ಟರ ಮುಂದೆ ಹೇಳಲು ಸಂಕೋಚ ಬೇಡ. ಅದೂ ಕಾಯಿಲೆಯ ಲಕ್ಷಣದ ಪಟ್ಟಿಯಲ್ಲೇ ಇದೆ.

ರಾತ್ರಿ ಊಟ: ಒಂಬತ್ತೂವರೆಗೆ ಪೂರ್ತಿಯೋ, ಎರಡು ಸಲ ಅರ್ಧರ್ಧವೋ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಆಯ್ಕೆ ಇದೇ. ಉಂಡ ಮೇಲೆ ಮಲಗಲು ಎರಡರಿಂದ ಮೂರು ಗಂಟೆ ಅಂತರ ಬೇಕು ಎಂದು ವೈದ್ಯರು ಹೇಳುತ್ತಾರೆ. ಹೊಲಕ್ಕೆ ಹೋಗುವ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಯುತ್ತದೆ, ಅವರಿಗೆ ಇದು ಕಷ್ಟವಲ್ಲ. ಕಷ್ಟ ಇರುವುದು ಅಂಗಡಿ ಬಾಗಿಲು ಹಾಕಿ ಬರುವವರಿಗೆ, ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ ಧಾರವಾಡದಲ್ಲೋ ಗದಗಿನಲ್ಲೋ ಮಲಗುವ ನಮ್ಮಂಥವರಿಗೆ.

ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಮೊದಲಿನ ಹಾಗೆ ಒಂಬತ್ತೂವರೆಗೆ ಪೂರ್ತಿ ಊಟ ಮಾಡಿ ಮಧ್ಯರಾತ್ರಿವರೆಗೆ ಎಚ್ಚರ ಇರುವುದು. ನಾಲ್ಕು ದಿನ ಮಾಡಿದೆ. ಹುಳಿ ಕಡಿಮೆ ಆಯಿತು, ನಿದ್ದೆಯೂ ಕಡಿಮೆ ಆಯಿತು. ಎರಡು, ರಾತ್ರಿ ಊಟವನ್ನೇ ಬಿಡುವುದು. ಹಸಿದ ಹೊಟ್ಟೆಯಲ್ಲಿ ಮಲಗಿದರೆ ಮರುದಿನ ನಾಷ್ಟಾಕ್ಕೆ ಎರಡರಷ್ಟು ತಿನ್ನುತ್ತಿದ್ದೆ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ ಕೂಡ. ಮೂರನೆಯದು, ಊಟವನ್ನು ಒಡೆಯುವುದು.

ಈಗ ಸಂಜೆ ಆರೂವರೆಗೆ ಆಫೀಸಿನಲ್ಲೇ ಡಬ್ಬಿ ಬಿಚ್ಚುತ್ತೇನೆ. ಎರಡು ರೊಟ್ಟಿ, ಒಳಗೆ ಹೆಸರುಕಾಳಿನ ಪಲ್ಯ. ರೊಟ್ಟಿ ಬೇರೆ, ಪಲ್ಯ ಬೇರೆ ಇಟ್ಟರೆ ಸಂಜೆಗೆ ರೊಟ್ಟಿ ಬಿರುಸಾಗಿ ಅಂಚು ಮುರಿಯುತ್ತದೆ. ಬಿಸಿ ಇರುವಾಗಲೇ ಪಲ್ಯ ಹರಡಿ ಸುರುಳಿ ಸುತ್ತಿ ಬಟ್ಟೆಯಲ್ಲಿ ಕಟ್ಟಿದರೆ ಪಲ್ಯದ ಪಸೆ ಹೀರಿಕೊಂಡು ಮೆತ್ತಗೆ ಉಳಿಯುತ್ತದೆ. ಇದು ಅವ್ವ ಹೇಳಿಕೊಟ್ಟದ್ದು. ಅಪ್ಪ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದದ್ದು ಹೀಗೇ ಅಂತೆ. ಮನೆಗೆ ಬಂದ ಮೇಲೆ ಎಂಟೂವರೆಗೆ ಒಂದು ಸಣ್ಣ ಬಟ್ಟಲು ಅನ್ನ, ತಿಳಿಸಾರು. ಮಲಗುವುದು ಹನ್ನೊಂದಕ್ಕೆ. ಮನೆಮಂದಿ ಜೊತೆ ಕೂತ ಹಾಗೂ ಆಯಿತು.

ಮೂರು ವಾರದಲ್ಲಿ ರಾತ್ರಿ ಎಚ್ಚರ ಆಗುವುದು ಬಹಳ ಕಡಿಮೆ ಆಯಿತು. ಆಗ ನಾನು ಮತ್ತೆ ಮೊದಲಿನ ಹಾಗೇ ಖಾರ ತಿನ್ನುತ್ತಿದ್ದೆ.

ರೊಟ್ಟಿ, ಚಪಾತಿ, ಅನ್ನ

ಜೋಳದ ರೊಟ್ಟಿ ಭಾರ, ಹುಳಿ ಇದ್ದವರಿಗೆ ಆಗಿ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ. ರೊಟ್ಟಿ ಬಡಿಯುವಾಗ ನೋಡಿ. ಜೋಳದ ಹಿಟ್ಟು, ಕುದಿನೀರು, ಅಷ್ಟೇ. ಹೆಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಎಣ್ಣೆ ಒಂದು ಹನಿ ಇಲ್ಲ, ಹುಳಿ ಬರಿಸಿದ ಹಿಟ್ಟೂ ಅಲ್ಲ. ನಾರೂ ಇದೆ. ನಮ್ಮ ಕಡೆಯ ಚಪಾತಿಗೆ ಪದರ ಪದರಕ್ಕೂ ಎಣ್ಣೆ ಸವರುತ್ತೇವೆ, ಮೂರು ಚಪಾತಿ ಒಳಗೆ ಹೋಗುವಷ್ಟರಲ್ಲಿ ಜಿಡ್ಡು ಸಾಕಷ್ಟು ಹೋಗಿರುತ್ತದೆ. ಅನ್ನ ಮೆತ್ತಗೆ, ಹೊಟ್ಟೆಗೆ ಹಗುರ. ಆದರೆ ಅಗಿಯದೆ ಇಳಿದುಹೋಗುತ್ತದೆ, ಎಷ್ಟು ತಿಂದೆವು ಎಂಬ ಲೆಕ್ಕ ಸಿಗುವುದಿಲ್ಲ. ರೊಟ್ಟಿಯಾದರೆ ಎಣಿಸಬಹುದು, ಅಗಿಯಲೇಬೇಕು, ನಿಧಾನ ಆಗುತ್ತದೆ.

ಹಾಗಾಗಿ ಬಿಸಿ ರೊಟ್ಟಿ ನನ್ನ ಮೊದಲ ಆಯ್ಕೆ. ಎರಡಕ್ಕೆ ನಿಲ್ಲಿಸಬೇಕು. ಖಡಕ್ ರೊಟ್ಟಿ ಮಾತ್ರ ಉರಿ ಜೋರಿದ್ದ ದಿನ ಬೇಡ, ಕೆರಳಿದ ಅನ್ನನಾಳಕ್ಕೆ ಒಣ ಚೂರು ಚುಚ್ಚಿದ ಹಾಗಾಗುತ್ತದೆ. ಬೇಕೇ ಅನಿಸಿದರೆ ಬ್ಯಾಳಿ ಸಾರಿನಲ್ಲಿ ನೆನೆಸಿ ತಿನ್ನಿ. ಜೋಳದ ನುಚ್ಚು ಮಜ್ಜಿಗೆ ಇದೆಯಲ್ಲ, ಹೊಟ್ಟೆ ಕೆಟ್ಟ ದಿನ ಅದರಷ್ಟು ಹಿತ ನನಗೆ ಇನ್ನೊಂದಿಲ್ಲ.

ನಿಜವಾದ ತಕರಾರು ಇರುವುದು ರೊಟ್ಟಿ ಪಕ್ಕದಲ್ಲಿ ಕೂಡುವವುಗಳದ್ದು. ಬದನೆಕಾಯಿ ಎಣ್ಣೆಗಾಯಿ ಹೆಸರೇ ಹೇಳುತ್ತದೆ. ಪಾಪ, ಬದನೆಕಾಯಿಯದು ತಪ್ಪಿಲ್ಲ. ಎಣ್ಣೆ, ಶೇಂಗಾ, ಎಳ್ಳು, ಹುಣಸೆ, ಖಾರ ಎಲ್ಲ ಒಟ್ಟಿಗೆ ಬರುತ್ತವೆ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧ ತೂಕ ಕೊಬ್ಬೇ ಇದೆ. ಕೊಬ್ಬು ಜಾಸ್ತಿಯಾದರೆ ಜಠರ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಅದೇ ಹೀರೇಕಾಯಿ ಪಲ್ಯ, ಹೆಸರುಕಾಳು, ಮಡಕಿಕಾಳಿನ ಪಲ್ಯ ಕಡಿಮೆ ಎಣ್ಣೆಯಲ್ಲಿ ಆಗುತ್ತವೆ. ಎಣ್ಣೆಗಾಯಿಯನ್ನು ನಾನು ಮಧ್ಯಾಹ್ನಕ್ಕೆ ಸರಿಸಿದ್ದೇನೆ, ಬಿಟ್ಟಿಲ್ಲ. ಅದೇ ಪಲ್ಯ ಮಧ್ಯಾಹ್ನ ಒಂದಕ್ಕೆ ತಿಂದರೆ ಸುಮ್ಮನಿರುತ್ತದೆ, ರಾತ್ರಿ ಒಂಬತ್ತಕ್ಕೆ ತಿಂದರೆ ಎಬ್ಬಿಸುತ್ತದೆ. ಪುಂಡಿಪಲ್ಯ ಹುಟ್ಟಾ ಹುಳಿ, ಅದೂ ಹಗಲಿಗೇ ಇರಲಿ.

ಹಿಂಡಿಯಲ್ಲೂ ಆಯ್ಕೆ ಇದೆ. ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಮತ್ತು ಶೇಂಗಾ ಹಿಂಡಿ (ಚಟ್ನಿಪುಡಿ) ಎದುರಿಗಿದ್ದರೆ ನಾನು ಶೇಂಗಾ ಹಿಂಡಿಯನ್ನು ಒಂದು ಚಮಚ ಹಾಕಿಕೊಳ್ಳುತ್ತೇನೆ, ಮೊಸರಲ್ಲಿ ಕಲಸಿಕೊಂಡು. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ನಮ್ಮ ಭಾಗ್ಯ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಈ ಹಾವೇರಿ ಜಿಲ್ಲೆಯ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರಪುಡಿ ಮಾಡಿಸುವಾಗ ಗುಂಟೂರು ಬೆರೆಸದೆ ಬರೀ ಬ್ಯಾಡಗಿ ಹಾಕಿಸಿದೆವು. ಸಾರು ಕೆಂಪಗೇ ಕಾಣುತ್ತದೆ, ತಾಟಿನ ಅಂದ ಕೆಡಲಿಲ್ಲ, ಗಂಟಲು ಉಳಿಯಿತು.

ಒಂದು ಮಾತು ನೆನಪಿಡಿ. ಗದಗಿನಲ್ಲಿರುವ ನನ್ನ ಅಕ್ಕನಿಗೂ ಇದೇ ಕಾಯಿಲೆ. ಆಕೆಗೆ ರಂಜಕ ಆಗುತ್ತದೆ, ಟೊಮ್ಯಾಟೊ ಸಾರು ಆಗುವುದಿಲ್ಲ. ನನಗೆ ಸರಿ ಉಲ್ಟಾ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಇಂಥ ತಿನಿಸನ್ನು ಎಲ್ಲರೂ ಬಿಡಲೇಬೇಕು ಎನ್ನುವುದಕ್ಕಿಂತ, ಮಲಗುವ ಹೊತ್ತು, ತಲೆಯ ಎತ್ತರ, ತೂಕ ಈ ಮೂರಕ್ಕೆ ವೈದ್ಯರ ಬಳಿ ಗಟ್ಟಿ ಪುರಾವೆ ಇದೆ.

ಚಹಾ, ಮಜ್ಜಿಗೆ, ಸೋಡಾ

ಚಹಾ ಬಿಟ್ಟು ಬದುಕು ಎಂದು ಯಾರಿಗೂ ಹೇಳಲಾರೆ. ನನಗೆ ತೊಂದರೆ ಆಗುತ್ತಿದ್ದದ್ದು ಬೆಳಿಗ್ಗೆ ಖಾಲಿ ಹೊಟ್ಟೆಯ ಚಹಾದಿಂದ ಮತ್ತು ಕಪ್ಪಿನ ಎಣಿಕೆಯಿಂದ. ದಿನಕ್ಕೆ ಏಳು ಕಪ್ ಆಗುತ್ತಿತ್ತು. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಸುಮಾರು 43 ಸಾವಿರ ನರ್ಸ್ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ್ದರು. ತೂಕ ಹದದಲ್ಲಿಡುವುದು, ಸಿಗರೇಟು ಸೇದದಿರುವುದು, ದಿನಕ್ಕೆ ಅರ್ಧ ಗಂಟೆ ಮೈ ದಣಿಸುವುದು, ಚಹಾ ಕಾಫಿ ಸೋಡಾ ಸೇರಿ ಎರಡು ಕಪ್‌ಗೆ ನಿಲ್ಲಿಸುವುದು, ಹಿತವಾದ ಊಟ, ಈ ಐದೂ ಇದ್ದರೆ ಎದೆ ಉರಿಯ ಪ್ರಕರಣಗಳಲ್ಲಿ ಸುಮಾರು 37 ಶೇಕಡಾ ತಡೆಯಬಹುದು ಎಂದು ಲೆಕ್ಕ ಹಾಕಿದರು. ನಾನು ಎರಡಕ್ಕೆ ಇಳಿದಿದ್ದೇನೆ. ನಾಷ್ಟಾ ಆದ ಮೇಲೆ ಒಂದು, ನಾಲ್ಕು ಗಂಟೆಗೆ ಒಂದು.

ತಣ್ಣನೆ ಹಾಲು ಕುಡಿದರೆ ಆ ಕ್ಷಣಕ್ಕೆ ತಂಪು. ಆದರೆ ಹಾಲು ಮುಂದೆ ಆಮ್ಲವನ್ನು ಮತ್ತೆ ಉಕ್ಕಿಸುತ್ತದೆ, ಅದರಲ್ಲೂ ಕೆನೆ ತುಂಬಿದ ಎಮ್ಮೆ ಹಾಲು ರಾತ್ರಿ ಬೇಡ. ಹುಳಿ ಬರದ ತಾಜಾ ಮಜ್ಜಿಗೆ, ಜೀರಿಗೆ ಹಾಕಿ, ಮಧ್ಯಾಹ್ನಕ್ಕೆ ಒಳ್ಳೆಯದು. ಮೆಣಸು, ಒಣಶುಂಠಿ ಜಾಸ್ತಿ ಬಿದ್ದ ಕಷಾಯ ಕೆಲವರಿಗೆ ಉರಿಯನ್ನೇ ಹೆಚ್ಚು ಮಾಡುತ್ತದೆ. ಲಿಂಬು ಸೋಡಾ ಕುಡಿದು ತೇಗು ಬಂದರೆ ಹಗುರ ಅನಿಸುತ್ತದೆ, ನಿಜ. ಆ ತೇಗಿನ ಜೊತೆಗೇ ಆಮ್ಲ ಮೇಲೆ ಬರುತ್ತದೆ. ಇದರಲ್ಲಿ ನನಗೆ ಎರಡು ಮಾತಿಲ್ಲ, ಸೋಡಾ ಬೇಡ.

ಹೊರಗೆ ತಿನ್ನುವಾಗ

ಹುಬ್ಬಳ್ಳಿಯ ದುರ್ಗದಬೈಲಿಗೆ ಸಂಜೆ ಗೆಳೆಯರ ಜೊತೆ ಹೋದರೆ ಗಿರಮಿಟ್ ಮತ್ತು ಮಿರ್ಚಿ ಜೋಡಿಯಾಗೇ ಬರುತ್ತವೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಗಿರಮಿಟ್. ಚುರುಮುರಿ ಹಗುರ, ಪುಟಾಣಿ ಪುಡಿ ತೊಂದರೆ ಕೊಡುವುದಿಲ್ಲ, ಎಣ್ಣೆ ಒಗ್ಗರಣೆಗಷ್ಟೇ. "ಹಸಿ ಉಳ್ಳಾಗಡ್ಡಿ ಮ್ಯಾಲೆ ಹಾಕಬ್ಯಾಡ್ರಿ" ಎಂದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಮಿರ್ಚಿಯಲ್ಲಿ ಕಡಲೆ ಹಿಟ್ಟು, ಕಾದ ಎಣ್ಣೆ, ಒಳಗೆ ಇಡೀ ಮೆಣಸಿನಕಾಯಿ. ಆಸೆ ತಡೆಯಲಾಗದಿದ್ದರೆ ಒಂದು ತಿನ್ನಿ, ಆರು ಗಂಟೆ ಒಳಗೆ ತಿನ್ನಿ, ಅವತ್ತು ರಾತ್ರಿ ಊಟ ಹಗುರ ಮಾಡಿ.

ಖಾನಾವಳಿಯಲ್ಲಿ ಎರಡು ರೊಟ್ಟಿ, ಕಾಳು ಪಲ್ಯ, ಮೊಸರು ಹೇಳಿದರೆ ಆರಾಮ. ಸಾವಜಿ ಊಟದ ರುಚಿಯೇ ಖಾರ ಮತ್ತು ಮೇಲೆ ತೇಲುವ ಎಣ್ಣೆಯಲ್ಲಿದೆ, ಅದನ್ನು ಕಡಿಮೆ ಮಾಡಿಸಿ ತಿಂದರೆ ಸಾವಜಿ ತಿಂದ ಹಾಗೆ ಆಗುವುದಿಲ್ಲ. ತಿಂಗಳಿಗೊಮ್ಮೆ, ಮಧ್ಯಾಹ್ನ ಹೋಗಿ. ಮದುವೆಗೂ ಅದೇ ಸೂತ್ರ. ರಾತ್ರಿಯ ಆರತಕ್ಷತೆ ಊಟಕ್ಕಿಂತ ಮಧ್ಯಾಹ್ನದ ಅಕ್ಕಿಕಾಳಿನ ಊಟಕ್ಕೆ ಹೋಗುತ್ತೇನೆ. ಹೋಳಿಗೆ ಒಂದು, ತುಪ್ಪ ಕಡಿಮೆ. ಧಾರವಾಡ ಪೇಡೆ ಒಂದು ತಿಂದರೆ ನನಗೆ ಏನೂ ಆಗಿಲ್ಲ. ಊಟದ ಮೇಲೆ ತಂಬಾಕು ಹಾಕಿದ ಎಲೆ ಮಾತ್ರ ಯಾವ ಹೊತ್ತಿನಲ್ಲೂ ಬೇಡ.

ಎರಡು ದಿಂಬೋ, ಎರಡು ಇಟ್ಟಿಗೆಯೋ

ಎರಡು ದಿಂಬು ಹಾಕಿಕೊಂಡರೆ ಕುತ್ತಿಗೆ ಬಾಗುತ್ತದೆ, ಸೊಂಟದ ಹತ್ತಿರ ಹೊಟ್ಟೆ ಮಡಚಿಕೊಂಡು ಒತ್ತಡ ಇನ್ನೂ ಜಾಸ್ತಿ ಆಗುತ್ತದೆ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚು ಎತ್ತರ ಕೊಟ್ಟರೆ ಇಡೀ ಮೈ ಇಳಿಜಾರಾಗಿ ಇರುತ್ತದೆ. ನಮ್ಮ ಓಣಿಯಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ನಾಲ್ಕು ಇಟ್ಟಿಗೆ ಕೇಳಿ ತಂದೆ. ಒಂದರ ಮೇಲೊಂದು ಎರಡೆರಡು ಇಟ್ಟು, ಜಾರದ ಹಾಗೆ ಗೋಣಿಚೀಲ ಸುತ್ತಿ ಕಟ್ಟಿದೆ. ಕೂತು ಅಲುಗಾಡಿಸಿ ನೋಡಿ, ಗಟ್ಟಿ ಇದ್ದರೆ ಮಾತ್ರ ಮಲಗಿ. ನೆಲದ ಮೇಲೆ ಹಾಸಿಕೊಂಡು ಮಲಗುವವರು ಹಳೆ ಕೌದಿಗಳನ್ನು ಮಡಚಿ ಸೊಂಟದಿಂದ ತಲೆತನಕ ಇಳಿಜಾರು ಮಾಡಿಕೊಳ್ಳಬಹುದು.

ಎಡಮಗ್ಗುಲು ಬಲಮಗ್ಗುಲಿಗಿಂತ ಒಳ್ಳೆಯದು. ಹಾಗೆ ಮಲಗಿದಾಗ ಜಠರ ಅನ್ನನಾಳಕ್ಕಿಂತ ಕೆಳಗೆ ಬರುತ್ತದೆ, ಬಂದ ಆಮ್ಲವೂ ಬೇಗ ವಾಪಸ್ ಇಳಿಯುತ್ತದೆ. ದುಡ್ಡು ಖರ್ಚಿಲ್ಲದ ಈ ಎರಡನ್ನೂ ಎಷ್ಟೋ ಜನ ಮಾಡದೆ ಬಿಡುತ್ತಾರೆ, ನನಗೆ ಅದೇ ಬೇಜಾರು.

ಗುಳಿಗೆಗಳಲ್ಲಿ ಯಾವುದು

ಅಂಗಡಿಯಲ್ಲಿ "ಆ್ಯಸಿಡಿಟಿಗೆ ಏನರ ಕೊಡ್ರಿ" ಎಂದು ಕೇಳಿದರೆ ಸಿಗುವವು ಮೂರು ಬಗೆ. ನೀರಿನಂತಹ ಅಥವಾ ಅಗಿಯುವ ಆಂಟಾಸಿಡ್ ಕೆಲವೇ ನಿಮಿಷದಲ್ಲಿ ಉರಿ ಇಳಿಸುತ್ತದೆ, ಪರಿಣಾಮ ಬೇಗ ಮುಗಿಯುತ್ತದೆ. ಅಪರೂಪಕ್ಕೆ ಬರುವ ಉರಿಗೆ ಅದು ಸಾಕು. ಫ್ಯಾಮೊಟಿಡಿನ್ ಗುಂಪಿನವು ಹಲವು ಗಂಟೆ ಕೆಲಸ ಮಾಡುತ್ತವೆ, ಆದರೆ ದಿನಾ ತೆಗೆದುಕೊಂಡರೆ ಮೈಗೆ ರೂಢಿಯಾಗಿ ಬಲ ಕಡಿಮೆ ಆಗುತ್ತದೆ. ಮೊದಲು ಎಲ್ಲರೂ ಕೇಳುತ್ತಿದ್ದ ರಾನಿಟಿಡಿನ್ ಇದೇ ಗುಂಪಿನದು, 2022ರಲ್ಲಿ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದ ಅದನ್ನು ತೆಗೆದರು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಆಮ್ಲ ತಯಾರಾಗುವುದನ್ನೇ ತಡೆಯುತ್ತವೆ. ವಾರಕ್ಕೆ ಎರಡು ದಿನಕ್ಕಿಂತ ಜಾಸ್ತಿ ಉರಿ ಇದ್ದವರಿಗೆ ವೈದ್ಯರು ಸಾಮಾನ್ಯವಾಗಿ ಇವನ್ನೇ ಎಂಟು ವಾರ ಕೊಟ್ಟು ನೋಡುತ್ತಾರೆ.

ನಾನು ಮಾಡಿದ ತಪ್ಪು ಇಲ್ಲೇ. ಒಂದು ವರ್ಷ ಪ್ಯಾಂಟೊಪ್ರಜೋಲನ್ನು ರಾತ್ರಿ ಊಟ ಆದ ಮೇಲೆ ನುಂಗಿದೆ. ಅದನ್ನು ಊಟಕ್ಕೆ 30ರಿಂದ 60 ನಿಮಿಷ ಮೊದಲು ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಬೆಳಿಗ್ಗೆ. ಹೊತ್ತು ಬದಲಿಸಿದ ಮೇಲೆ ಅದೇ ಗುಳಿಗೆ ಕೆಲಸ ಮಾಡಿತು. ಡಾಮ್‌ಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್ ಬೇರೆ, ಬರೀ ಪ್ಯಾಂಟೊಪ್ರಜೋಲ್ ಬೇರೆ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮೊದಲನೆಯದನ್ನು ಮುಟ್ಟಬಾರದು. ಮೈಕೈ ನೋವಿನ ಗುಳಿಗೆ, ಬಿಪಿಯ ಕೆಲವು ಗುಳಿಗೆಗಳೂ ಹುಳಿ ಹೆಚ್ಚಿಸಬಹುದು. ನೀವೇ ನಿಲ್ಲಿಸಬೇಡಿ, ಚೀಟಿ ಒಯ್ದು ತೋರಿಸಿ.

ನುಂಗುವಾಗ ತುತ್ತು ಸಿಕ್ಕಿಕೊಂಡರೆ, ಕಾರಣ ಇಲ್ಲದೆ ತೂಕ ಇಳಿದರೆ, ರಕ್ತ ವಾಂತಿಯಾದರೆ, ಡಾಂಬರಿನಂತೆ ಕಪ್ಪು ಮಲ ಹೋದರೆ, ರಕ್ತ ಕಡಿಮೆ ಇದೆ ಎಂದು ಗೊತ್ತಾದರೆ ಮನೆಮದ್ದು, ಅಂಗಡಿ ಗುಳಿಗೆ ಎರಡೂ ಸಾಕಾಗುವುದಿಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ತಡಮಾಡದೆ ಹೋಗಿ. ಎಂಡೋಸ್ಕೋಪಿಗೆ ಹೆದರಬೇಡಿ, ಕೆಲವು ನಿಮಿಷದ ಕೆಲಸ ಅದು.

ಯಾವುದನ್ನು ಮೊದಲು ಹಿಡಿಯಬೇಕು

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣ ಬಂತು ಎಂದು ತಿಳಿಯುವುದಿಲ್ಲ. ಮೊದಲ ಎರಡು ವಾರ ಊಟದ ಹೊತ್ತು ಮತ್ತು ಇಟ್ಟಿಗೆ. ಆಮೇಲೆ ರಾತ್ರಿಯ ಎಣ್ಣೆ. ಆಮೇಲೆ ಚಹಾದ ಎಣಿಕೆ. ಖಾರವನ್ನು ಕೊನೆಗೆ ಇಡಿ.

ವೈದ್ಯರು ಬಳಸುವ ಗರ್ಡ್‌ಕ್ಯೂ ಎಂಬ ಪುಟ್ಟ ಪ್ರಶ್ನಾವಳಿ ಇದೆ. ಕಳೆದ ಏಳು ದಿನದ ಬಗ್ಗೆ ಆರೇ ಪ್ರಶ್ನೆ. ಎದೆ ಉರಿ ಎಷ್ಟು ದಿನ, ಹುಳಿ ಮೇಲೆ ಬಂದದ್ದು ಎಷ್ಟು ದಿನ, ಹೊಟ್ಟೆಯ ಮೇಲ್ಭಾಗ ನೋವು, ವಾಕರಿಕೆ, ನಿದ್ದೆ ಕೆಟ್ಟದ್ದು, ಹೆಚ್ಚಿಗೆ ಗುಳಿಗೆ ನುಂಗಿದ್ದು. ನಾನು ಇದನ್ನೇ ಅಡುಗೆಮನೆಯ ಕ್ಯಾಲೆಂಡರಿಗೆ ಇಳಿಸಿದ್ದೇನೆ. ಉರಿ ಬಂದ ದಿನ ಒಂದು ಚುಕ್ಕಿ, ನಿದ್ದೆ ಕೆಟ್ಟ ರಾತ್ರಿ ಒಂದು ಗೆರೆ, ಗುಳಿಗೆ ನುಂಗಿದರೆ ಒಂದು ಸುತ್ತು. ಡಾಕ್ಟರ ಹತ್ತಿರ ಹೋಗುವಾಗ ಆ ತಿಂಗಳ ಹಾಳೆ ಹರಿದು ಜೇಬಿಗೆ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ಹಾಲಿಗೆ ಎದ್ದ ಅವ್ವ ಮೊದಲು ಅದನ್ನೇ ನೋಡುತ್ತಾಳೆ. ಗೆರೆ ಇಲ್ಲದಿದ್ದರೆ ಮಧ್ಯಾಹ್ನಕ್ಕೆ ಎಣ್ಣೆಗಾಯಿ ಮಾಡಲೇನು ಎಂದು ಕೇಳುತ್ತಾಳೆ.